ಟರ್ಮಿನೇಟರ್ ಹೆಸರಿನ ಹಳೆಯ ಆಟಗಳಲ್ಲಿ ಯಾವುದನ್ನು ಕೊಳ್ಳಬೇಕು? ಆಡಿದವರು ಅನುಭವ ತಿಳಿಸಿ

ಪ್ರಶ್ನೆ, ಹುಬ್ಬಳ್ಳಿಯಿಂದ

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಅಟ್ಟ ಶುಚಿ ಮಾಡುವಾಗ ನನ್ನ ಬಾಲ್ಯದ ಟಿವಿ ವಿಡಿಯೋ ಗೇಮ್ ಸಿಕ್ಕಿತು. ಹದಿಮೂರು ವರ್ಷದ ಮಗನಿಗೆ ಕಾಂಟ್ರಾ ಆಡಿ ತೋರಿಸಿದೆ, ಈಗ ಅವನು ನನ್ನನ್ನೇ ಮೀರಿಸುತ್ತಿದ್ದಾನೆ. ಅಂಥದ್ದೇ ಓಡುತ್ತ ಗುಂಡು ಹಾರಿಸುವ ಇನ್ನೊಂದು ಆಟ ಬೇಕೆಂದಾಗ ನನಗೆ ನೆನಪಾದದ್ದು ಟರ್ಮಿನೇಟರ್. 1984ರ ಆ ಚಿತ್ರವನ್ನು ಆಧರಿಸಿದ ಆಟವನ್ನು ಹುಡುಕಲು ಹೋದರೆ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕಂಪನಿಗಳ ಹಲವು ಆಟಗಳು ಎದುರಾದವು, ಚಿತ್ರಗಳನ್ನು ನೋಡಿದರೆ ಒಂದಕ್ಕೊಂದು ಸಂಬಂಧವೇ ಇದ್ದಂತಿಲ್ಲ. ಡಿಸೆಂಬರಿನಲ್ಲಿ ನನ್ನ ಭಾವಮೈದುನ ನ್ಯೂಜೆರ್ಸಿಯಿಂದ ಬರುತ್ತಾನೆ; ಬೇಕಾದ ಕ್ಯಾಸೆಟ್ಟನ್ನೋ ಕನ್ಸೋಲನ್ನೋ ತರುತ್ತೇನೆಂದು ಹೇಳಿದ್ದಾನೆ. ಯಾವುದನ್ನು ತರಿಸಲಿ? ನನ್ನ ಹಳೆಯ ಪೆಟ್ಟಿಗೆಯಲ್ಲೇ ನಡೆಯುವಂಥದ್ದು ಯಾವುದಾದರೂ ಇದೆಯೇ? ಆಡಿದವರು ದಯವಿಟ್ಟು ತಿಳಿಸಿ.

ಉತ್ತರ, ಶಿವಮೊಗ್ಗದಿಂದ

ಸರ್, ಮೊದಲು ಗೊಂದಲದ ಮೂಲವನ್ನು ಹೇಳುತ್ತೇನೆ, ಆಮೇಲೆ ನನ್ನ ಆಯ್ಕೆ. ಆ ಕಾಲದಲ್ಲಿ ಚಿತ್ರದ ಹಕ್ಕುಗಳನ್ನು ಕನ್ಸೋಲುಗಳ ಲೆಕ್ಕದಲ್ಲಿ ಹಂಚಿ ಮಾರುತ್ತಿದ್ದರು. ನಿಂಟೆಂಡೊ ಯಂತ್ರಗಳ ಹಕ್ಕು ಮೈಂಡ್‌ಸ್ಕೇಪ್ ಕೈಗೆ, ಸೆಗಾ ಯಂತ್ರಗಳ ಹಕ್ಕು ವರ್ಜಿನ್ ಗೇಮ್ಸ್ ಕೈಗೆ ಹೋಯಿತು. ಹೀಗಾಗಿ 1992ರಲ್ಲಿ ನಿಂಟೆಂಡೊದ ಹಳೆಯ ಕನ್ಸೋಲ್ ಆದ ಎನ್‌ಇಎಸ್‌ಗೆ ರ‍್ಯಾಡಿಕಲ್ ಸಂಸ್ಥೆ ಮಾಡಿದ ಒಂದು ಆಟ, ಅದೇ ವರ್ಷ ಸೆಗಾದ ಮೆಗಾ ಡ್ರೈವ್‌ಗೆ ಪ್ರೋಬ್ ಸಂಸ್ಥೆ ಮಾಡಿದ ಇನ್ನೊಂದು, 1993ರಲ್ಲಿ ಸೂಪರ್ ನಿಂಟೆಂಡೊಗೆ ಗ್ರೇ ಮ್ಯಾಟರ್ ಮಾಡಿದ ಮತ್ತೊಂದು, ಅದೇ ವರ್ಷ ಸೆಗಾ ಸಿಡಿಗೆ ವರ್ಜಿನ್ ತಾನೇ ಮಾಡಿದ ಮಗದೊಂದು. ಕಥೆ ಒಂದೇ, ಆಟಗಳು ಬೇರೆ ಬೇರೆ.

ಆದರೆ ನಾನು ನಿಮಗೆ ಹೇಳಬಯಸುವ ಆಟದ ಪೆಟ್ಟಿಗೆಯ ಮೇಲೆ ಟರ್ಮಿನೇಟರ್ ಎಂಬ ಹೆಸರೇ ಇಲ್ಲ. ಜಪಾನಿನ ಸನ್‌ಸಾಫ್ಟ್ ಸಂಸ್ಥೆ ಇವರೆಲ್ಲರಿಗಿಂತ ಮೊದಲೇ ಎನ್‌ಇಎಸ್‌ಗಾಗಿ ಟರ್ಮಿನೇಟರ್ ಆಟವನ್ನು ಸಿದ್ಧಪಡಿಸುತ್ತಿತ್ತು. ನಡುವೆ ಹಕ್ಕು ಕೈತಪ್ಪಿತು. ಮಾಡಿದ ಕೆಲಸವನ್ನು ಎಸೆಯಲು ಮನಸ್ಸಾಗದೆ ಅವರು ಕಥೆಯನ್ನೂ ಪಾತ್ರಗಳನ್ನೂ ಬದಲಿಸಿ 1990ರಲ್ಲಿ ಅದನ್ನು ಜಪಾನಿನಲ್ಲಿ ರಾಫ್ ವರ್ಲ್ಡ್ ಎಂದೂ ಅಮೆರಿಕದಲ್ಲಿ ಜರ್ನಿ ಟು ಸಿಲಿಯಸ್ ಎಂದೂ ಬಿಡುಗಡೆ ಮಾಡಿದರು. ಚಿತ್ರದ ನಾಯಕ ಕೈಲ್ ರೀಸ್ ಇರಬೇಕಾದ ಜಾಗದಲ್ಲಿ ಜೇ ಮೆಕ್ರೇ ಎಂಬ ತರುಣ, ಮನುಷ್ಯರ ಮೇಲೆ ಯುದ್ಧ ಸಾರಿದ ಕಂಪ್ಯೂಟರ್ ಜಾಲ ಸ್ಕೈನೆಟ್ ಇರಬೇಕಾದಲ್ಲಿ ಬಾಹ್ಯಾಕಾಶ ವಸಾಹತನ್ನು ನಾಶಮಾಡಲು ಹೊರಟ ಭಯೋತ್ಪಾದಕರು. ಹೆಸರು ಬದಲಾದರೂ ಮೈಬಣ್ಣ ಬದಲಾಗಲಿಲ್ಲ. ಮೊದಲ ಹಂತದ ಹಾಳುಬಿದ್ದ ನಗರವನ್ನು ನೋಡಿದ ಕೂಡಲೇ ಚಿತ್ರದ 2029ರ ಲಾಸ್ ಏಂಜಲೀಸ್ ನೆನಪಾಗುತ್ತದೆ, ಕೊನೆಯ ಬಾಸ್, ಅಂದರೆ ಹಂತದ ತುದಿಯಲ್ಲಿ ಎದುರಾಗುವ ದೊಡ್ಡ ಶತ್ರು, ಅಂತೂ ಚಿತ್ರದ ಲೋಹದ ಅಸ್ಥಿಪಂಜರದ ಸೋದರನಂತೆಯೇ ಇದ್ದಾನೆ.

ನಾನು ಇದನ್ನು ಆಡಿದ್ದು 1990ರ ದಶಕದಲ್ಲಿ ನೆರೆಮನೆಯವರ ಕ್ಯಾಸೆಟ್ಟಿನಲ್ಲಿ. ಮೇಲಿನ ಚೀಟಿ ಹರಿದುಹೋಗಿದ್ದರಿಂದ ಆಟದ ಹೆಸರೇ ಗೊತ್ತಿರಲಿಲ್ಲ, ನಾವು ಹುಡುಗರು ಅದನ್ನು "ರೋಬೋ ಕಾಂಟ್ರಾ" ಎಂದು ಕರೆಯುತ್ತಿದ್ದೆವು. ಅದು ಟರ್ಮಿನೇಟರ್ ಆಗಬೇಕಿದ್ದ ಆಟವೆಂದು ತಿಳಿದದ್ದು ಇಪ್ಪತ್ತು ವರ್ಷಗಳ ನಂತರ.

ಕಾಂಟ್ರಾ ಆಡಿ ಪಳಗಿದ ಕೈಗೆ ಇದು ಆರಂಭದಲ್ಲಿ ಒಗ್ಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಂಟ್ರಾದಲ್ಲಿ ಎಂಟು ದಿಕ್ಕಿಗೂ ಗುಂಡು ಹಾರಿಸಬಹುದು. ಇಲ್ಲಿ ಎದುರಿಗೆ ಮಾತ್ರ, ನಿಂತೋ ಕುಳಿತೋ ಹಾರುತ್ತಲೋ. ಅಲ್ಲಿ ಒಂದು ಗುಂಡು ತಗುಲಿದರೆ ಪ್ರಾಣ ಹೋಗುತ್ತದೆ. ಇಲ್ಲಿ ಶಕ್ತಿಯ ಪಟ್ಟಿಯೊಂದಿದ್ದು ಏಟು ಬಿದ್ದಂತೆಲ್ಲ ಕರಗುತ್ತದೆ. ಕೈಬಂದೂಕಿಗೆ ಖರ್ಚಿಲ್ಲ, ಆದರೆ ಶಾಟ್‌ಗನ್ ಮೊದಲಾದ ದೊಡ್ಡ ಆಯುಧಗಳೆಲ್ಲವೂ ಒಂದೇ ಹುಂಡಿಯಿಂದ ಮದ್ದು ತೆಗೆದುಕೊಳ್ಳುತ್ತವೆ. ಆದ್ದರಿಂದ ದಾರಿಯಲ್ಲಿ ಸಿಗುವ ಪುಡಿ ಯಂತ್ರಗಳ ಮೇಲೆ ಶಾಟ್‌ಗನ್ ಖಾಲಿ ಮಾಡಿದವನು ಬಾಸ್ ಎದುರು ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಕಾಂಟ್ರಾ ಓಡುವವರ ಆಟವಾದರೆ ಇದು ನಿಂತು ಲೆಕ್ಕ ಹಾಕುವವರ ಆಟ. ಒಟ್ಟು ಐದೇ ಹಂತಗಳು, ಪಾಸ್‌ವರ್ಡ್ ವ್ಯವಸ್ಥೆ ಇಲ್ಲ, ಸೋತ ಮೇಲೆ ಮುಂದುವರಿಸುವ ಅವಕಾಶಗಳೂ ಎಣಿಕೆಯವು.

ಸಂಗೀತದ ಬಗ್ಗೆ ಹೇಳದೆ ಮುಗಿಸಲಾರೆ. ಎನ್‌ಇಎಸ್‌ನ ಧ್ವನಿ ಚಿಪ್ಪಿನಲ್ಲಿ ಐದು ಚಾನೆಲ್‌ಗಳಿವೆ. ಅವುಗಳಲ್ಲಿ ಐದನೆಯದು ದಾಖಲಿಸಿದ ಚಿಕ್ಕ ಧ್ವನಿತುಣುಕುಗಳನ್ನು ನುಡಿಸಬಲ್ಲದು. ಬೇರೆಯವರು ಅದರಲ್ಲಿ ಡ್ರಮ್ಮಿನ ಸದ್ದನ್ನು ಇಟ್ಟರೆ ಸನ್‌ಸಾಫ್ಟ್‌ನವರು ಬಾಸ್ ಗಿಟಾರಿನ ತುಣುಕುಗಳನ್ನು ಇಟ್ಟರು. ನಾವೊಕಿ ಕೊಡಾಕಾ ಮತ್ತು ಸಂಗಡಿಗರ ಆ ಸಂಗೀತ ಮಾಮೂಲಿ ಟಿವಿಯ ಸ್ಪೀಕರಿನಲ್ಲೂ ಎದೆಗೆ ತಟ್ಟುವಂತಿದೆ. ಅದೇ ಸಂಸ್ಥೆಯ ಬ್ಯಾಟ್‌ಮನ್ ಆಟವೂ, 1989ರ ಚಿತ್ರವನ್ನು ಆಧರಿಸಿದ್ದು, ಇದೇ ಗುಣದ್ದು. ಸಿಲಿಯಸ್ ಮುಗಿಸಿದ ಮೇಲೆ ಅದನ್ನು ನೋಡಿ.

ಉತ್ತರ, ಕ್ಯಾಲಿಫೋರ್ನಿಯದಲ್ಲಿರುವ ಮೈಸೂರಿನವರಿಂದ

ಶಿವಮೊಗ್ಗದವರ ಮಾತನ್ನು ಒಪ್ಪುತ್ತೇನೆ, ಆದರೆ ಚಿತ್ರವೇ ಬೇಕೆನ್ನುವವರಿಗೆ ಹೆಸರು ಬದಲಿಸಿದ ಆಟವನ್ನು ಕೊಟ್ಟರೆ ಸಮಾಧಾನವಾಗುವುದಿಲ್ಲ. ನನ್ನ ಬಳಿ ಸೆಗಾದ ಎರಡೂ ಆಟಗಳಿವೆ. ಮೆಗಾ ಡ್ರೈವ್ ಅಮೆರಿಕದಲ್ಲಿ ಜೆನೆಸಿಸ್ ಎಂಬ ಹೆಸರಿನಲ್ಲಿ ಮಾರಾಟವಾದದ್ದರಿಂದ ನಿಮ್ಮ ಭಾವಮೈದುನನಿಗೆ ಆ ಹೆಸರನ್ನೇ ಹೇಳಬೇಕು.

ಮೆಗಾ ಡ್ರೈವ್‌ನ ಆಟದ ಮೊದಲ ಹಂತ ಬಹಳ ಸೊಗಸಾಗಿದೆ. ಕೈಲ್ ರೀಸ್ ಆಗಿ ನೀವು ಸ್ಕೈನೆಟ್‌ನ ನೆಲೆಯೊಳಗೆ ನುಗ್ಗಿ, ಬಾಂಬ್ ಇಟ್ಟು, ಕಾಲಯಂತ್ರವನ್ನು ತಲುಪಬೇಕು. ಅಲ್ಲಿಂದ ಆಟ 1984ಕ್ಕೆ ಜಿಗಿದು ಬೀದಿ, ಕ್ಲಬ್ಬು, ಪೊಲೀಸ್ ಠಾಣೆ, ಕಾರ್ಖಾನೆ ಎಂದು ಚಿತ್ರದ ದಾರಿಯಲ್ಲೇ ಸಾಗುತ್ತದೆ. ಟರ್ಮಿನೇಟರ್‌ಗೆ ಶಾಟ್‌ಗನ್ನಿನಿಂದ ಹೊಡೆದರೆ ಅವನು ಬೀಳುತ್ತಾನೆ, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಏಳುತ್ತಾನೆ. ಕೊಲ್ಲಲಾಗದವನಿಂದ ತಪ್ಪಿಸಿಕೊಂಡು ಓಡುವ ಆ ಭಯವನ್ನು ಪ್ರೋಬ್‌ನವರು ಚೆನ್ನಾಗಿ ಹಿಡಿದಿದ್ದಾರೆ. ಇದರ ಪ್ರೋಗ್ರಾಮ್ ಬರೆದವರು ಮುಂದೆ ಅರ್ತ್‌ವರ್ಮ್ ಜಿಮ್ ಎಂಬ ಆಟ ಮಾಡಿದ ಡೇವಿಡ್ ಪೆರಿ. ಕೊರತೆ ಒಂದೇ, ಆದರೆ ದೊಡ್ಡದು: ದಾರಿ ಗೊತ್ತಾದ ಮೇಲೆ ಅರ್ಧ ಗಂಟೆಯೊಳಗೆ ಇಡೀ ಆಟ ಮುಗಿದುಹೋಗುತ್ತದೆ. ನಾನು ಕೊಂಡ ಭಾನುವಾರ ಊಟಕ್ಕೆ ಮೊದಲು ಶುರುಮಾಡಿದವನು ಸಂಜೆಯ ಕಾಫಿಯ ಹೊತ್ತಿಗೆ ಮುಗಿಸಿದ್ದೆ, ಅದೂ ಹಲವು ಸಲ ಸತ್ತು.

ಸೆಗಾ ಸಿಡಿಯದು ನಿಜವಾದ ದೊಡ್ಡ ಆಟ. ಹಂತಗಳ ನಡುವೆ ಚಿತ್ರದ ದೃಶ್ಯಗಳೇ ಬರುತ್ತವೆ. ಇಂದಿನ ಕಣ್ಣಿಗೆ ಅವು ಬಣ್ಣಗೆಟ್ಟು ಮಸುಕಾಗಿ ಕಾಣುತ್ತವೆಯಾದರೂ ಆಗಿನ ಕಾಲಕ್ಕೆ ಅದೊಂದು ಬೆರಗು. ಭವಿಷ್ಯದ ಹಂತಗಳನ್ನು ಚಿತ್ರದಲ್ಲಿರುವುದಕ್ಕಿಂತ ಬಹಳ ಹಿಗ್ಗಿಸಿದ್ದಾರೆ. ಅದು ನನಗೆ ಇಷ್ಟವಾಯಿತು, ಏಕೆಂದರೆ ಓಡುತ್ತ ಗುಂಡು ಹಾರಿಸುವ ಆಟಕ್ಕೆ ಬೇಕಾದದ್ದು ಆ ಯುದ್ಧವೇ ಹೊರತು ಬೀದಿಯ ಪುಂಡರಲ್ಲ. ಟಾಮಿ ಟಲ್ಲರಿಕೋ ಅವರ ಗಿಟಾರ್ ಸಂಗೀತವನ್ನು ಸಿಡಿಯ ಮೇಲೆ ಮಾಮೂಲಿ ಆಡಿಯೋ ಟ್ರ್ಯಾಕುಗಳಾಗಿಯೇ ದಾಖಲಿಸಿದ್ದಾರೆ. ಹಾಡು ಕೇಳುವ ಸಿಡಿ ಪ್ಲೇಯರಿನಲ್ಲೂ ಅವುಗಳನ್ನು ಕೇಳಬಹುದು, ಆಟದ ದತ್ತಾಂಶವಿರುವ ಮೊದಲ ಟ್ರ್ಯಾಕನ್ನು ಮಾತ್ರ ಹಾರಿಸಬೇಕು. ನಾನು ಎಷ್ಟೋ ದಿನ ಕಾರಿನಲ್ಲಿ ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗಿದ್ದೇನೆ.

ಆದರೆ ಇದನ್ನು ತರಿಸಿಕೊಳ್ಳಿ ಎಂದು ಹೇಳಲು ನಾಲಿಗೆ ಹೊರಳುತ್ತಿಲ್ಲ. ಸೆಗಾ ಸಿಡಿ ಒಂಟಿಯಾಗಿ ನಡೆಯುವ ಯಂತ್ರವಲ್ಲ; ಅದಕ್ಕೆ ಜೆನೆಸಿಸ್ ಜೋಡಿಸಬೇಕು, ಎರಡಕ್ಕೂ ಬೇರೆ ಬೇರೆ ಅಡಾಪ್ಟರ್ ಬೇಕು. ಅಮೆರಿಕದ ಡಿಸ್ಕು ಯುರೋಪಿನ ಅಥವಾ ಜಪಾನಿನ ಯಂತ್ರದಲ್ಲಿ ನಡೆಯುವುದಿಲ್ಲ. ಮೂವತ್ತು ವರ್ಷ ಹಳೆಯ ಸಿಡಿ ಡ್ರೈವ್ ವಿಮಾನ ಪ್ರಯಾಣದಲ್ಲಿ ಅಲುಗಾಡಿ ಹುಬ್ಬಳ್ಳಿಗೆ ಬಂದ ಮೇಲೆ ತಿರುಗುತ್ತದೆಯೋ ಇಲ್ಲವೋ, ಅದು ನಿಮ್ಮ ಅದೃಷ್ಟ.

ಉತ್ತರ, ಮಂಗಳೂರಿನಿಂದ

ಸೂಪರ್ ನಿಂಟೆಂಡೊ ಆಟವನ್ನು ತರಿಸಬೇಡಿ. ಮಂದಗತಿ, ಮಬ್ಬು ಪರದೆ. ನಾನು ಎರಡನೆಯ ಸಲ ಆನ್ ಮಾಡಿಲ್ಲ. ಎನ್‌ಇಎಸ್‌ನ ಟರ್ಮಿನೇಟರ್ ಆಟದ್ದೂ ಹೆಚ್ಚುಕಡಿಮೆ ಅದೇ ಹಣೆಬರಹ.

ಉತ್ತರ, ಬೆಂಗಳೂರಿನಿಂದ

ನಾನು ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವನು, ಇಲ್ಲಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್.ಪಿ. ರೋಡಿನ ಒಡನಾಟ ಮೂವತ್ತು ವರ್ಷದ್ದು. ಆಟದ ರುಚಿಯ ಬಗ್ಗೆ ಮೇಲಿನವರು ಹೇಳಿದ್ದಾರೆ, ನಾನು ತಂತಿ ಮತ್ತು ಪಿನ್ನುಗಳ ಬಗ್ಗೆ ಹೇಳುತ್ತೇನೆ, ಏಕೆಂದರೆ ಕೈ ಸುಟ್ಟುಕೊಳ್ಳುವುದು ಅಲ್ಲಿಯೇ.

ನಿಮ್ಮ ಅಟ್ಟದ ಮೇಲಿನ ಪೆಟ್ಟಿಗೆ ಬಹುತೇಕ, ಎನ್‌ಇಎಸ್‌ನ ಜಪಾನೀ ರೂಪವಾದ ಫ್ಯಾಮಿಕಾಮ್‌ನ ನಕಲು. ಅದಕ್ಕೆ ಹಾಕುವ ಕ್ಯಾಸೆಟ್ಟಿಗೆ 60 ಪಿನ್ನುಗಳು. ಅಮೆರಿಕದ ಎನ್‌ಇಎಸ್ ಕ್ಯಾಸೆಟ್ಟಿಗೆ 72 ಪಿನ್ನುಗಳು, ಆಕಾರವೂ ದೊಡ್ಡದು. ನಿಮ್ಮ ಭಾವಮೈದುನ ನ್ಯೂಜೆರ್ಸಿಯಲ್ಲಿ ಜರ್ನಿ ಟು ಸಿಲಿಯಸ್ ಕ್ಯಾಸೆಟ್ ಕೊಂಡು ತಂದರೆ ಅದು ನಿಮ್ಮ ಪೆಟ್ಟಿಗೆಯ ಬಾಯಿಗೆ ಹಿಡಿಸುವುದೇ ಇಲ್ಲ. ಜಪಾನಿನ ರಾಫ್ ವರ್ಲ್ಡ್ ಕ್ಯಾಸೆಟ್ಟನ್ನು ತರಿಸಿದರೆ ನೇರವಾಗಿ ಕೂರುತ್ತದೆ. ಕಥೆ ಹೇಳುವ ಸಾಲುಗಳು ಜಪಾನೀ ಭಾಷೆಯಲ್ಲಿದ್ದರೂ ಆಡುವುದಕ್ಕೆ ಓದಬೇಕಾದದ್ದು ಬಹಳವೇನಿಲ್ಲ.

ಇನ್ನೊಂದು ವಿಷಯವಿದೆ. ನಮ್ಮ ದೇಶದ ಟಿವಿಗಳಿಗೆಂದು ತಯಾರಾದ ಹಲವು ನಕಲು ಪೆಟ್ಟಿಗೆಗಳು ಸೆಕೆಂಡಿಗೆ 60 ಬಾರಿಯ ಬದಲು 50 ಬಾರಿ ಚಿತ್ರ ಬದಲಿಸುತ್ತವೆ. ಅದರಲ್ಲಿ ಆಟವೂ ಸಂಗೀತವೂ ಆರರಲ್ಲಿ ಒಂದು ಪಾಲಿನಷ್ಟು ನಿಧಾನವಾಗುತ್ತವೆ. ಶಿವಮೊಗ್ಗದವರು ಹೊಗಳಿದ ಆ ಬಾಸ್ ಗಿಟಾರು ಸ್ವಲ್ಪ ತೂಕಡಿಸಿದಂತೆ ಕೇಳಿಸಿದರೆ ಗಾಬರಿಯಾಗಬೇಡಿ. ಕಲಿಯುವ ಹುಡುಗನಿಗೆ ಆ ನಿಧಾನ ಅನುಕೂಲವೂ ಹೌದು.

ಕನ್ಸೋಲನ್ನೇ ತರಿಸುವುದಾದರೆ ಅಡಾಪ್ಟರ್ ವಿಷಯದಲ್ಲಿ ಜಾಗ್ರತೆ. ಅಮೆರಿಕದ ಅಡಾಪ್ಟರ್ 120 ವೋಲ್ಟಿನದು, ನಮ್ಮ ಗೋಡೆಯಲ್ಲಿ ಬರುವುದು 230. ನನ್ನ ಸ್ವಂತ ಜೆನೆಸಿಸ್ ಅಡಾಪ್ಟರನ್ನು ಆತುರದಲ್ಲಿ ನೇರವಾಗಿ ಸಿಕ್ಕಿಸಿ, ಒಂದು ನಿಮಿಷದಲ್ಲಿ ಮನೆಯೆಲ್ಲ ಸುಟ್ಟ ವಾಸನೆ ತುಂಬಿಸಿದವನು ನಾನು. ರಿಪೇರಿಯವನ ಮನೆಯಲ್ಲೇ ಹೀಗಾದದ್ದನ್ನು ಹೆಂಡತಿ ಇಂದಿಗೂ ನೆಂಟರಿಗೆ ಹೇಳುತ್ತಾಳೆ. ಇಲ್ಲಿನ ವೋಲ್ಟೇಜಿಗೆ ಹೊಂದುವ ಬೇರೆ ಅಡಾಪ್ಟರ್ ಕೊಳ್ಳುವುದೇ ಒಳ್ಳೆಯದು, ಆದರೆ ಪಿನ್ನಿನ ಧ್ರುವವನ್ನು ನೋಡಿ ಕೊಳ್ಳಬೇಕು. ಜೆನೆಸಿಸ್‌ನ ಮೊದಲ ಮಾದರಿಗೆ ನಡುವಿನ ತುದಿ ಋಣ, ಎರಡನೆಯ ಮಾದರಿಗೆ ನಡುವಿನ ತುದಿ ಧನ. ಎನ್‌ಇಎಸ್‌ನ ಅಡಾಪ್ಟರಂತೂ 9 ವೋಲ್ಟ್ ಎಸಿ ಕೊಡುತ್ತದೆ, ಅದನ್ನು ಫ್ಯಾಮಿಕಾಮ್‌ಗೋ ಜೆನೆಸಿಸ್‌ಗೋ ಸಿಕ್ಕಿಸಿದರೆ ಒಳಗಿನ ಬಿಡಿಭಾಗಗಳು ಹಾಳಾಗುತ್ತವೆ.

ಕ್ಯಾಸೆಟ್ ನಡೆಯದಿದ್ದರೆ ನಾವೆಲ್ಲ ಬಾಯಿಂದ ಊದುತ್ತಿದ್ದೆವಲ್ಲ, ಅದನ್ನು ಮಾಡಬೇಡಿ. ಉಸಿರಿನ ತೇವದಿಂದ ಪಿನ್ನುಗಳು ಕಿಲುಬು ಹಿಡಿಯುತ್ತವೆ. ಕಿವಿ ಶುಚಿ ಮಾಡುವ ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಉತ್ತರ, ಧಾರವಾಡದಿಂದ

ನಾನು ಪ್ರೌಢಶಾಲೆಯ ಶಿಕ್ಷಕಿ, ನನ್ನ ಮಗನೂ ಅದೇ ವಯಸ್ಸಿನವನು. ಮೂಲ ಚಿತ್ರ ವಯಸ್ಕರಿಗಾಗಿ ಮಾಡಿದ್ದು ಎಂಬುದನ್ನು ನೆನಪಿಸಬಯಸುತ್ತೇನೆ. ಸೆಗಾದ ಆಟಗಳಲ್ಲಿ 1984ರ ಬೀದಿಗಳಿಗೆ ಬಂದ ಮೇಲೆ ಗುಂಡು ಹಾರಿಸುವುದು ಮನುಷ್ಯರ ಮೇಲೆ. ಸಿಲಿಯಸ್‌ನಲ್ಲಿ ಎದುರಾಗುವುದು ಯಂತ್ರಗಳು. ನಾನು ಈ ಕಾರಣಕ್ಕೇ ಎರಡನೆಯದನ್ನು ಆರಿಸಿದೆ. ಇನ್ನೊಂದು ಮಾತು, ಎರಡನೆಯ ಚಿತ್ರವನ್ನು ಮೊದಲು ನೋಡಿದ ಮಕ್ಕಳು ಅರ್ನಾಲ್ಡ್ ಆಗಿ ಆಡುತ್ತೇವೆಂದು ಕಾದಿರುತ್ತಾರೆ. ಮೊದಲ ಚಿತ್ರದಲ್ಲಿ ಅವನೇ ಖಳನಾದ್ದರಿಂದ ಈ ಆಟಗಳಲ್ಲಿ ಅವನಿಂದ ಓಡಬೇಕಾಗುತ್ತದೆ. ನನ್ನ ಮಗ ಅದಕ್ಕೆ ಎರಡು ದಿನ ಮುನಿಸಿಕೊಂಡಿದ್ದ.

ಹುಬ್ಬಳ್ಳಿಯಿಂದ ಮತ್ತೆ, ಜನವರಿಯಲ್ಲಿ

ಎಲ್ಲರಿಗೂ ಧನ್ಯವಾದಗಳು. ರಾಫ್ ವರ್ಲ್ಡ್ ಕ್ಯಾಸೆಟ್ ಬಂದಿದೆ, ನನ್ನ ಪೆಟ್ಟಿಗೆಯಲ್ಲಿ ಸಲೀಸಾಗಿ ಕುಳಿತಿದೆ, ಬೆಂಗಳೂರಿನವರು ಹೇಳಿದಂತೆ ಸಂಗೀತ ಸ್ವಲ್ಪ ತೂಕಡಿಸುತ್ತಿದೆ. ಇದಕ್ಕೂ ಮೊದಲು ಇಲ್ಲಿಯ ಅಂಗಡಿಯೊಂದರಲ್ಲಿ ಅದೇ ಆಟವೆಂದು ಹೇಳಿ ಕೊಟ್ಟ ಕ್ಯಾಸೆಟ್ಟಿನೊಳಗೆ ಬರೀ ಟ್ಯಾಂಕ್ ಯುದ್ಧದ ಆಟವಿತ್ತು. ಹಣ ಹೋಯಿತು, ಮಗ ನಕ್ಕ. ಈಗ ಇಬ್ಬರೂ ಸರದಿಯಂತೆ ಆಡಿ ಕೊನೆಯ ಹಂತದವರೆಗೆ ಬಂದಿದ್ದೇವೆ. ಅಲ್ಲಿ ಪರದೆ ತಾನಾಗಿಯೇ ಸರಿಯುತ್ತದೆ, ನಾವು ಪ್ರತಿ ಸಲವೂ ಅಂಚಿಗೆ ಸಿಕ್ಕಿಬೀಳುತ್ತೇವೆ. ಉಪಾಯವೇನಾದರೂ ಇದೆಯೇ?

ಉತ್ತರ, ಶಿವಮೊಗ್ಗದಿಂದ

ಆ ಹಂತದಲ್ಲಿ ಎಲ್ಲವನ್ನೂ ಹೊಡೆದುರುಳಿಸಬೇಕೆಂಬ ಆಸೆ ಬಿಡಬೇಕು ಸರ್. ಪರದೆಯ ನಡುವಿನಲ್ಲೇ ಇರಿ, ದಾರಿಗೆ ಅಡ್ಡ ಬಂದದ್ದನ್ನು ಮಾತ್ರ ಕೈಬಂದೂಕಿನಿಂದ ತೆಗೆಯಿರಿ, ಉಳಿದದ್ದು ಹಿಂದೆ ಸರಿದುಹೋಗಲಿ. ದೊಡ್ಡ ಆಯುಧದ ಮದ್ದನ್ನು ಅಸ್ಥಿಪಂಜರದವನಿಗಾಗಿಯೇ ಉಳಿಸಿಕೊಳ್ಳಿ. ಮೊದಲ ಕೆಲವು ಸಲ ಗೆಲ್ಲುವ ಯೋಚನೆಯಿಲ್ಲದೆ, ಎಲ್ಲಿ ಹಾರಬೇಕು ಎಂಬುದನ್ನು ಒಬ್ಬರು ನೋಡಿ ಹೇಳುತ್ತ ಇನ್ನೊಬ್ಬರು ಆಡಿ. ನಾವು ನೆರೆಮನೆಯಲ್ಲಿ ಹಾಗೆಯೇ ದಾಟಿದ್ದು.