ಸಮಸ್ಯಾಪೂರಣ: ‘ದೂರ ಸರಿಯುವ ಬಳಗದೊಳಗೊಂದೆಮ್ಮ ಕಡೆ ಬಹುದು’

ಸಮಸ್ಯೆ

ಕಾವ್ಯಾಸಕ್ತರೆಲ್ಲರಿಗೂ ನಮಸ್ಕಾರ. ಭಾಮಿನಿ ಷಟ್ಪದಿಯ ಆರನೆಯ ಸಾಲಾಗಿ ಮೇಲಿನದನ್ನು ಕೊಟ್ಟಿದ್ದೇನೆ. ವಸ್ತು ಆಕಾಶದ್ದೇ ಆಗಿರಬೇಕು, ದ್ವಿತೀಯಾಕ್ಷರ ಪ್ರಾಸ ತಪ್ಪಬಾರದು.

ಪೂರಣ 1

ಸೇರಿ ಕನ್ಯಾರಾಶಿಯೊಡಲಲಿ
ಭಾರಕೇಂದ್ರದ ಸೆಳೆತ ಕರೆದಿರೆ
ಜಾರಿ ಬೀಳುವ ವೇಗದಲಿ ತನ್ನನಿಲವನೆ ತೊರೆದು
ಸಾರುತಿದೆ ನೀಲಿಮೆಯ ಪಲ್ಲಟ
ತೋರಿ ರೋಹಿತ ರೇಖೆಯೊಳಗಿದ
ದೂರ ಸರಿಯುವ ಬಳಗದೊಳಗೊಂದೆಮ್ಮ ಕಡೆ ಬಹುದು

ಪದ್ಯ ಮೆಸಿಯೆ 86 ಗೆಲಾಕ್ಸಿಯನ್ನು ಕುರಿತದ್ದು. 1781ರ ಮಾರ್ಚ್ 18ರಂದು ಫ್ರೆಂಚ್ ಖಗೋಳಜ್ಞ ಚಾರ್ಲ್ಸ್ ಮೆಸಿಯೆ ಗುರುತಿಸಿದ ಇದನ್ನು ಕೆಲವರು ದೀರ್ಘವೃತ್ತೀಯವೆಂದೂ ಹಲವರು ಮಸೂರಾಕಾರದ್ದೆಂದೂ ವರ್ಗೀಕರಿಸುತ್ತಾರೆ. ಐದು ಕೋಟಿಗೂ ಹೆಚ್ಚು ಜ್ಯೋತಿರ್ವರ್ಷ ದೂರದ ಕನ್ಯಾ ಗುಚ್ಛವು (ಇದು ಸೇರಿರುವ ಗೆಲಾಕ್ಸಿಗಳ ಬಳಗ) ಒಟ್ಟಾರೆಯಾಗಿ ಸೆಕೆಂಡಿಗೆ ಸಾವಿರ ಕಿ.ಮೀ.ಗೂ ಮಿಕ್ಕ ವೇಗದಲ್ಲಿ ನಮ್ಮಿಂದ ದೂರವಾಗುತ್ತಿದ್ದರೂ, ಅದರೊಳಗೇ ಕೇಂದ್ರದತ್ತ ರಭಸದಿಂದ ಬೀಳುತ್ತಿರುವ ಈ ಗೆಲಾಕ್ಸಿ ಸೆಕೆಂಡಿಗೆ ಸುಮಾರು 240 ಕಿ.ಮೀ.ಯಂತೆ ನಮ್ಮತ್ತ ಬರುತ್ತಿದೆ. ಗುಚ್ಛವನ್ನು ತುಂಬಿರುವ ಬಿಸಿ ಅನಿಲವನ್ನು ಸೀಳಿಕೊಂಡು ನುಗ್ಗುವಾಗ ಅದರದೇ ಅನಿಲ ಕಳಚಿಕೊಂಡು, ಎಕ್ಸ್-ಕಿರಣದ ಚಿತ್ರಗಳಲ್ಲಿ ಉದ್ದನೆಯ ಬಾಲವಾಗಿ ಕಾಣುತ್ತದೆ. ಮೂರನೆಯ ಸಾಲಿನಲ್ಲಿ ಹೇಳಿರುವುದು ಅದನ್ನೇ. ನಾಲ್ಕನೆಯ ಸಾಲಿನ ‘ನೀಲಿಮೆಯ ಪಲ್ಲಟ’ ಎಂದರೆ ನಮ್ಮತ್ತ ಬರುವ ವಸ್ತುವಿನ ಬೆಳಕಿನ ರೋಹಿತ ರೇಖೆಗಳು ನೀಲಿಯ ಕಡೆಗೆ ಸರಿಯುವುದು.

ಪೂರಣ 2

ನೀರು ಬತ್ತಿದ ಕೆರೆಯ ತೆರದಲಿ
ಆರಿ ಹೋಗಿರಲನಿಲವೆಲ್ಲವು
ತಾರೆ ಹುಟ್ಟದು, ಸುರುಳಿ ತೋಳಿನ ಸುಳಿವೆ ಕಾಣಿಸದು
ಜಾರದಿದೆ ಮುದಿತನದೊಳೂ ಗತಿ
ನೂರು ಸಂದೆಗವೇಕೆ ನೋಡಿರಿ
ದೂರ ಸರಿಯುವ ಬಳಗದೊಳಗೊಂದೆಮ್ಮ ಕಡೆ ಬಹುದು

ವಸ್ತು ಅದೇ ಗೆಲಾಕ್ಸಿ, ಆದರೆ ನಾನು ಹಿಡಿದದ್ದು ಅದರ ರೂಪವನ್ನು. ಮಸೂರಾಕಾರದ ಗೆಲಾಕ್ಸಿಗಳಿಗೆ ನಡುವಿನ ಉಬ್ಬೂ ಸುತ್ತಲಿನ ತಟ್ಟೆಯೂ ಇರುತ್ತವೆ, ಸುರುಳಿ ತೋಳುಗಳಿರುವುದಿಲ್ಲ. ತಣ್ಣನೆಯ ಅನಿಲ ಬಹುಪಾಲು ಮುಗಿದಿರುವುದರಿಂದ ಹೊಸ ನಕ್ಷತ್ರಗಳ ಹುಟ್ಟು ತೀರ ಅಪರೂಪ.

ಸಮಸ್ಯೆ ಕೊಟ್ಟವರಿಂದ

ಎರಡೂ ಪೂರಣಗಳು ಮನಸ್ಸು ತುಂಬಿದವು. ಆಂಡ್ರೊಮಿಡಾ ಗೆಲಾಕ್ಸಿಯನ್ನು ವಸ್ತುವಾಗಿಸಬಹುದೇ ಎಂದು ಕೇಳಿದವರಿಗೆ ಒಂದು ಮಾತು: ಅದು ನಮ್ಮತ್ತ ಬರುತ್ತಿರುವುದು ನಿಜ, ಆದರೆ ಅದು ನಮ್ಮ ಕ್ಷೀರಪಥವೂ ಸೇರಿರುವ ‘ಸ್ಥಳೀಯ ಗುಂಪು’ ಎಂಬ ಗೆಲಾಕ್ಸಿ ಬಳಗದ್ದೇ, ಆ ಬಳಗ ನಮ್ಮಿಂದ ದೂರ ಸರಿಯುತ್ತಿಲ್ಲವಾದ್ದರಿಂದ ಸಮಸ್ಯೆಯ ವಿರೋಧ ಅಲ್ಲಿ ಹುಟ್ಟುವುದೇ ಇಲ್ಲ.

ಎರಡನೆಯ ಪೂರಣದ ಮೊದಲ ಮೂರು ಸಾಲುಗಳು ನನಗೆ ಬಹಳ ಹಿಡಿಸಿದವು. ಐದನೆಯದು ಮಾತ್ರ ಪಾದಪೂರಣಕ್ಕಾಗಿ ಬಂದಂತಿದೆ, ಗೆಲಾಕ್ಸಿ ಏಕೆ ಬರುತ್ತಿದೆ ಎಂಬುದಕ್ಕೆ ಪದ್ಯದಲ್ಲಿ ಉತ್ತರವಿಲ್ಲ. ಅಲ್ಲಿ ‘ಭಾರಿ ಸೆಳೆತದ ಕಡೆಗೆ ಬೀಳುತ’ ಎಂದರೆ ಮಾತ್ರೆಯೂ ಪ್ರಾಸವೂ ಕೆಡುವುದಿಲ್ಲ, ಕಾರಣವೂ ಪದ್ಯದೊಳಗೇ ಸಿಗುತ್ತದೆ. ಕವಿಗಳು ಒಪ್ಪುವರೇ?