ಕ್ಲಚ್ ಪೂರ್ತಿ ತುಳಿದರೂ ರಿವರ್ಸ್ ಕಿರ್ರ್ ಅನ್ನುತ್ತೆ, ಯಾರಾದ್ರೂ ಹೇಳಿ

ನಾಲ್ಕನೇಗೇರ್: ಒಂದು ವಾರದಿಂದ ತಲೆ ಕೆಟ್ಟುಹೋಗಿದೆ. ಕ್ಲಚ್ ನೆಲ ಮುಟ್ಟುವ ತನಕ ತುಳಿದರೂ ರಿವರ್ಸ್ ಹಾಕುವಾಗ ಕಿರ್ರ್ ಅಂತ ಸದ್ದು. ಪೆಡಲ್ ಹತ್ತಿ ಮೂಟೆ ತುಳಿದ ಹಾಗಿದೆ. ಕಾಲು ನೆಲದಿಂದ ಒಂದು ಬೆರಳಷ್ಟು ಎದ್ದರೆ ಸಾಕು, ಗಾಡಿ ಹೊರಟೇಬಿಡುತ್ತದೆ. ಗ್ಯಾರೇಜಿನಲ್ಲಿ ತೋರಿಸಿದರೆ "ನಿಮ್ಮ ಕಾಲಿನ ಅಭ್ಯಾಸ" ಅಂದರು. ಹನ್ನೊಂದು ವರ್ಷದಿಂದ ಇದೇ ಕಾಲು ಸ್ವಾಮಿ!

ಹಳೇಗಾಡಿ: ಕಿಲೋಮೀಟರ್ ಎಷ್ಟಾಗಿದೆ?

ನಾಲ್ಕನೇಗೇರ್: 78,000.

ಹಳೇಗಾಡಿ: ಹಾಗಾದರೆ ಪ್ಲೇಟ್ ಹೋಗಿದೆ, ಬೇರೆ ಮಾತೇ ಇಲ್ಲ. ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು ಮೂರೂ ಒಟ್ಟಿಗೆ ಬದಲಾಯಿಸಿ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಜುಗ್ಗತನ ಮಾಡಬೇಡಿ.

ಗ್ರೀಸ್‌ಕೈ: ಕ್ಲಚ್ ಕೇಬಲ್ಲಿನದೋ, ಪೈಪಲ್ಲಿ ಆಯಿಲ್ ಒತ್ತುವ ಹೈಡ್ರಾಲಿಕ್ಕೋ ಅದನ್ನೇ ಹೇಳಿಲ್ಲವಲ್ಲ, ಆಗಲೇ ಗೇರ್‌ಬಾಕ್ಸ್ ಇಳಿಸಿಬಿಟ್ಟಿರಾ? ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ, ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ಇವರದು ಉಲ್ಟಾ, ತುಳಿದರೂ ಕ್ಲಚ್ ಹಿಡಿತ ಪೂರ್ತಿ ಬಿಡುತ್ತಲೇ ಇಲ್ಲ. ಇಂಜಿನ್ ಆಫ್ ಮಾಡಿ ರಿವರ್ಸ್ ಹಾಕಿ ನೋಡಿ. ಸುಮಾರು ಗಾಡಿಗಳಲ್ಲಿ ರಿವರ್ಸ್‌ಗೆ ಸಿಂಕ್ರೊ (ಗೇರ್ ಬೀಳುವ ಮೊದಲು ವೇಗ ಹೊಂದಿಸುವ ಭಾಗ) ಇರುವುದಿಲ್ಲ, ಅದಕ್ಕೇ ಮೊದಲು ಕೂಗುವುದು ಅದೇ.

ನಾಲ್ಕನೇಗೇರ್: ಆಫ್ ಇದ್ದಾಗ ಬೆಣ್ಣೆ ಹಾಗೆ ಬೀಳುತ್ತದೆ. ಕೇಬಲ್ ಇಲ್ಲ, ಪೈಪ್ ಇದೆ. ಅಂದ ಹಾಗೆ ಎರಡು ಮೂರು ಸಲ ಬೇಗ ಬೇಗ ತುಳಿದರೆ ಪೆಡಲ್ ಗಟ್ಟಿಯಾಗುತ್ತದೆ, ಆಗ ಸದ್ದೂ ಇರುವುದಿಲ್ಲ. ಎಲ್ಲರ ಗಾಡಿಯಲ್ಲೂ ಹೀಗೇ ಇರುತ್ತದೆ ಅಂದುಕೊಂಡು ಬರೆದಿರಲಿಲ್ಲ.

ಗ್ರೀಸ್‌ಕೈ: ಅದನ್ನೇ ಮೊದಲು ಬರೆಯಬೇಕಿತ್ತು ಮಾರಾಯ್ರೆ! ಒಂದೋ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲ್ ತಳ್ಳುವ ಭಾಗ) ಸೀಲ್ ಹೋಗಿದೆ. ಸಮತಟ್ಟಾದ ಜಾಗದಲ್ಲಿ ಇಂಜಿನ್ ಆನ್ ಮಾಡಿ, ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ಮೊದಲ ಗೇರ್ ಹಾಕಿ. ಕ್ಲಚ್ ಒತ್ತಿ ಹಿಡಿದು, ಬ್ರೇಕ್ ಮೇಲೆ ಹಗುರವಾಗಿ ಕಾಲಿಡಿ. ಅರ್ಧ ನಿಮಿಷದಲ್ಲಿ ಗಾಡಿ ತಾನಾಗಿ ಮುಂದಕ್ಕೆ ತಳ್ಳಲು ಶುರು ಮಾಡಿದರೆ ಪ್ರೆಷರ್ ನಿಲ್ಲುತ್ತಿಲ್ಲ ಅಂತ. ಕ್ಲಚ್ ಆಯಿಲ್ ಎಷ್ಟಿದೆ?

ನಾಲ್ಕನೇಗೇರ್: ತಳ್ಳುತ್ತದೆ. ಕ್ಲಚ್ ಆಯಿಲ್‌ಗೆ ಬೇರೆ ಡಬ್ಬಿ ಕಾಣಲಿಲ್ಲ. ಬ್ರೇಕ್ ಆಯಿಲ್ ಮಾತ್ರ ತಿಂಗಳಲ್ಲಿ ಎರಡು ಸಲ ಹಾಕಿದ್ದೇನೆ, ಅದಕ್ಕೂ ಇದಕ್ಕೂ ಏನು ಸಂಬಂಧ?

ಗ್ರೀಸ್‌ಕೈ: 🤦 ಎರಡಕ್ಕೂ ಅದೇ ಡಬ್ಬಿ. ಕ್ಲಚ್ ಪೈಪ್ ಡಬ್ಬಿಯ ಮೇಲ್ಭಾಗದಿಂದ ಹೊರಡುತ್ತದೆ, ಕ್ಲಚ್ ಕಡೆ ಸೋರಿದರೂ ಬ್ರೇಕಿಗೆ ಒಂದಿಷ್ಟು ಉಳಿಯಲಿ ಅಂತ. ಪೆಡಲ್ ಹಿಂದೆ ಕೈ ಹಾಕಿ. ಪೆಡಲ್‌ನಿಂದ ಹೊರಟ ಸರಳು (ಪುಶ್‌ರಾಡ್) ಇಂಜಿನ್ ಕಡೆಯ ಗೋಡೆಯೊಳಗೆ ಹೋಗುವ ಕಡೆ ರಬ್ಬರ್ ಟೋಪಿ ಇರುತ್ತದೆ, ಅದನ್ನು ಸರಿಸಿ ಬೆರಳಿಂದ ಮುಟ್ಟಿ ನೋಡಿ. ಬ್ರೇಕ್ ಕಡೆಯೂ ಸೋರಿಲ್ಲ ಅಂತ ಚಕ್ರಗಳ ಹತ್ತಿರ ಒಂದು ಸಲ ನೋಡಿಬಿಡಿ.

ಡಾಟ್‌ರಾಯ: ಯಾವ ಆಯಿಲ್ ಹಾಕಿದಿರಿ? ಡಬ್ಬಿ ಮೇಲೆ ಡಾಟ್ ಅಂತ ದರ್ಜೆ ಇರುತ್ತದಲ್ಲ, ಡಾಟ್ 3ಕ್ಕೆ ಡಾಟ್ 4 ಬೆರೆಸಿದ್ದರೆ ಸೀಲ್ ಹೋಗಿರುವುದು ಅದರಿಂದಲೇ.

ಗ್ರೀಸ್‌ಕೈ: ಸುಮ್ನೆ ಹೆದರಿಸಬೇಡಿ. ಎರಡೂ ಗ್ಲೈಕಾಲ್, ಬೆರೆತರೆ ಸೀಲಿಗೆ ಏನೂ ಆಗುವುದಿಲ್ಲ. ಬೆರೆಸಬಾರದ್ದು ಡಾಟ್ 5, ಅದು ಸಿಲಿಕಾನ್.

ಡಾಟ್‌ರಾಯ: 5.1 ಬೆರೆಸಬಹುದು ಅನ್ನುತ್ತಾರಲ್ಲ, ಮತ್ತೆ?

ಗ್ರೀಸ್‌ಕೈ: 5.1 ಬೇರೆ, 5 ಬೇರೆ. 5.1 ಕೂಡ ಗ್ಲೈಕಾಲ್. ಹೆಸರಿಟ್ಟವರನ್ನು ಕೇಳಿ, ನನ್ನನ್ನಲ್ಲ.

ಹಳೇಗಾಡಿ: ನನ್ನ ಜೀಪಿಗೆ ಹೆವಿ ಡ್ಯೂಟಿ ಪ್ರೆಷರ್ ಪ್ಲೇಟ್ ಹಾಕಿಸಿದ್ದೇನೆ. ಪೆಡಲ್ ಕಲ್ಲು! ಸಿಗ್ನಲ್ಲಿನಲ್ಲಿ ಒತ್ತಿ ಹಿಡಿದರೆ ಮಂಡಿ ನಡುಗುತ್ತದೆ, ತಮ್ಮ ಓಡಿಸಲ್ಲ ಅಂತ ಕೀ ವಾಪಸ್ ಕೊಟ್ಟ. ಕ್ಲಚ್ ಅಂದರೆ ಹಾಗಿರಬೇಕು.

ಡಾಟ್‌ರಾಯ: ಫೋಟೊ ಹಾಕಿ ಸರ್.

ನಾಲ್ಕನೇಗೇರ್: ನನ್ನ ಸಮಸ್ಯೆ ಯಾರಿಗಾದರೂ ನೆನಪಿದೆಯಾ? ಬೆರಳು ಒದ್ದೆ, ಜಾರುತ್ತದೆ. ಕೆಳಗಿನ ಕಾರ್ಪೆಟ್ ಅಂಗೈ ಅಗಲ ಕಪ್ಪಾಗಿದೆ. ಮಳೆ ನೀರು ಅಂದುಕೊಂಡು ಎರಡು ಸಲ ಬಿಸಿಲಿಗೆ ಹಾಕಿದ್ದೆ.

ಗ್ರೀಸ್‌ಕೈ: ಸಿಕ್ಕಿಬಿತ್ತು. ಸೀಲ್ ಕಿಟ್ ಬೇಡ, ಒಳಗೆ ಗೀರು ಬಿದ್ದಿದ್ದರೆ ಹೊಸ ಸೀಲೂ ಜಾಸ್ತಿ ದಿನ ಬರಲ್ಲ. ಮಾಸ್ಟರ್ ಪೂರ್ತಿ ಬದಲಾಯಿಸಿ, ಏರ್ ತೆಗೆಸಿ. ಬ್ರೇಕ್ ಆಯಿಲ್ ಗಾಡಿಯ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರಲ್ಲಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದುಬರುತ್ತದೆ.

ನಾಲ್ಕನೇಗೇರ್: ಐದು ದಿನ ಬಿಟ್ಟು ಬರೆಯುತ್ತಿದ್ದೇನೆ. ಹೊಸ ಮಾಸ್ಟರ್ ಹಾಕಿಸಿದೆ. ಬ್ರೇಕ್ ಕಡೆ ಸೋರಿಕೆ ಇಲ್ಲ. ಸದ್ದು ಹೋಯ್ತು, ರಿವರ್ಸ್ ಪೀಸ್‌ಫುಲ್! ಆದರೆ ಪೆಡಲ್ ತುಂಬಾ ಮೇಲೆ ಬಂದ ಮೇಲೇ ಈಗ ಕ್ಲಚ್ ಹಿಡಿಯುತ್ತದೆ, ಮನೆಗೆ ಬರುವಷ್ಟರಲ್ಲಿ ಮೂರು ಸಲ ಗಾಡಿ ಆಫ್ ಆಯ್ತು.

ಹಳೇಗಾಡಿ: ಮೇಲೆ ಹಿಡಿಯುತ್ತಾ? ಈಗ ಹೇಳಿ ಗ್ರೀಸ್‌ಕೈ ಅವರೇ, ಏನು ಸವೆದರೆ ಮೇಲೆ ಹಿಡಿಯುತ್ತದೆ?

ಗ್ರೀಸ್‌ಕೈ: ಪ್ಲೇಟ್ ತೆಳುವಾದರೂ ಮೇಲೆ ಬರುತ್ತದೆ, ಒಪ್ಪಿದೆ. ಆದರೆ ಇಷ್ಟು ದಿನ ನೆಲದಲ್ಲಿ ಓಡಿಸಿದ ಕಾಲಿಗೆ ಸರಿಯಾದ ಜಾಗವೂ ಮೇಲೇ ಅನ್ನಿಸುತ್ತದೆ ಅಲ್ವಾ? ಏರಿನಲ್ಲಿ ನಾಲ್ಕನೇ ಗೇರ್ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಲಿ. ಜಾರಿದರೆ ನೀವು ಹೇಳಿದ ಪ್ಲೇಟೇ.

ನಾಲ್ಕನೇಗೇರ್: ನೋಡುತ್ತೇನೆ. ಮೊದಲು ಕಾರ್ಪೆಟ್ ಒಣಗಲಿ.