ಎರಡು ಕುಟುಂಬಕ್ಕೆ ಒಂದೇ ಮನೆ ಬಾಡಿಗೆಗೆ ಕೊಡುವ ಮುಂಚೆ ತಲೆ ಎಣಿಸಿ (ಇಂಗ್ಲೆಂಡ್ ಸದಸ್ಯರಿಗೆ)

ಹೊಸದಾಗಿ ಬಂದ ಎರಡು ಕುಟುಂಬಗಳಿಗೆ ಸೇರಿಸಿ ಮನೆ ಕೊಡಬಹುದೇ ಎಂದು ಕೇಳಿದವರಿಗೆ: ಕೊಡಬಹುದು, ಆದರೆ ಬಹುಪಾಲು ಎಚ್‌ಎಂಒ (ಒಂದಕ್ಕಿಂತ ಹೆಚ್ಚು ಕುಟುಂಬದವರು ಹಂಚಿಕೊಂಡು ವಾಸಿಸುವ ಮನೆ) ಲೈಸೆನ್ಸ್ ಬೇಕಾಗುತ್ತದೆ. ಐದು ಅಥವಾ ಹೆಚ್ಚು ಜನ, ಒಂದಕ್ಕಿಂತ ಹೆಚ್ಚು ಕುಟುಂಬ, ಅಡುಗೆಮನೆಯೋ ಬಚ್ಚಲೋ ಹಂಚಿಕೆ, ಇಷ್ಟಿದ್ದರೆ 2004ರ ಹೌಸಿಂಗ್ ಆಕ್ಟ್ ಪ್ರಕಾರ ಕಡ್ಡಾಯ. ಮೂರು ಅಂತಸ್ತಿರಬೇಕೆಂಬ ಷರತ್ತು 2018ರ ಅಕ್ಟೋಬರ್ 1ಕ್ಕೇ ಹೋಯಿತು. ಗಂಡ, ಹೆಂಡತಿ, ಮಗು ಎಂದು ಎರಡು ಮನೆಯವರಾದರೆ ಆರು ಜನ. ಹಸುಗೂಸೂ ಒಂದು ತಲೆಯೇ. ಒಂದೇ ಊರಿನವರೆಂಬುದು ಲೆಕ್ಕಕ್ಕಿಲ್ಲ. ಒಡಹುಟ್ಟಿದವರು, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳಂಥ ಹತ್ತಿರದ ಸಂಬಂಧಿಗಳಾದರೆ ಮಾತ್ರ ಒಂದೇ ಕುಟುಂಬ.

ನೀವೇ ವಾಸವಿರುವ ಮನೆಯಲ್ಲಿ ಹೊರಗಿನವರು ಇಬ್ಬರವರೆಗೆ ಇದ್ದರೆ ಅದು ಎಚ್‌ಎಂಒ ಅಲ್ಲ. ರೂಮಿನಲ್ಲಿರುವ ದಂಪತಿಗೆ ಮಗುವಾದರೆ ಮೂವರಾದರು, ಆಗ ಎಚ್‌ಎಂಒ. ಕೆಲವು ಕೌನ್ಸಿಲ್‌ಗಳು ಮೂರು, ನಾಲ್ಕು ಜನರ ಮನೆಗೂ ಲೈಸೆನ್ಸ್ ಕೇಳುತ್ತವೆ, ಹಾಗಾಗಿ ನಿಮ್ಮ ಕೌನ್ಸಿಲ್‌ನ ವೆಬ್‌ಸೈಟನ್ನೇ ನೋಡಿ.

ಶುಲ್ಕ ಕೌನ್ಸಿಲ್‌ನಿಂದ ಕೌನ್ಸಿಲ್‌ಗೆ ಬೇರೆ, ಹಲವೆಡೆ ಸಾವಿರ ಪೌಂಡ್ ದಾಟುತ್ತದೆ. ಕಟ್ಟುವುದು ಎರಡು ಕಂತಿನಲ್ಲಿ: ಅರ್ಜಿಯ ಜೊತೆ ಒಂದು, ಮಂಜೂರಾಗುವಾಗ ಇನ್ನೊಂದು. ಫಾರಂ ತುಂಬಿ ಮೊದಲ ಕಂತು ಕಟ್ಟದೆ ಬಿಟ್ಟರೆ ಅರ್ಜಿ ಹಾಕಿದ ಲೆಕ್ಕವೇ ಅಲ್ಲ. ಬಹಳ ಜನ ಸಿಕ್ಕಿಬೀಳುವುದು ಇಲ್ಲಿಯೇ. ಅವಧಿ ಗರಿಷ್ಠ ಐದು ವರ್ಷ. ಮನೆ ಮಾರಿದರೆ ಲೈಸೆನ್ಸ್ ಕೊಂಡವರಿಗೆ ಹೋಗುವುದಿಲ್ಲ, ಅವರು ಹೊಸದಾಗಿ ಅರ್ಜಿ ಹಾಕಬೇಕು. ಈ ಶುಲ್ಕವನ್ನು ಬಾಡಿಗೆದಾರರಿಂದ ಬೇರೆಯಾಗಿ ವಸೂಲಿ ಮಾಡಲು 2019ರ ಟೆನೆಂಟ್ ಫೀಸ್ ಆಕ್ಟ್ ಬಿಡುವುದಿಲ್ಲ.

ನಿಜವಾದ ಖರ್ಚು ಮನೆಯೊಳಗಿದೆ. ಅರ್ಧ ಗಂಟೆ ಬೆಂಕಿ ತಡೆಯುವ ಬಾಗಿಲುಗಳು, ಒಂದು ಕೂಗಿದರೆ ಎಲ್ಲವೂ ಕೂಗುವ ಅಲಾರಂಗಳು, ಒಳಗಿನಿಂದ ಕೀ ಇಲ್ಲದೆ ತೆಗೆಯಬಹುದಾದ ಬೀಗ, ಇವನ್ನು ಸಾಮಾನ್ಯವಾಗಿ ಕೇಳುತ್ತಾರೆ. ಗ್ಯಾಸ್ ಸರ್ಟಿಫಿಕೇಟ್ ಪ್ರತಿ ವರ್ಷ, ವಿದ್ಯುತ್ ತಪಾಸಣೆ ಐದು ವರ್ಷಕ್ಕೊಮ್ಮೆ.

ಮಲಗುವ ಕೋಣೆಯ ಅಳತೆಯನ್ನು ಟೇಪ್ ಹಿಡಿದು ನೀವೇ ನೋಡಿ. 10 ವರ್ಷ ಮೀರಿದ ಒಬ್ಬರಿಗೆ ಕನಿಷ್ಠ 6.51 ಚದರ ಮೀಟರ್, ಇಬ್ಬರಿಗೆ 10.22, ಹತ್ತರೊಳಗಿನ ಒಂದು ಮಗುವಿಗೆ 4.64. ಸೂರು 1.5 ಮೀಟರಿಗಿಂತ ತಗ್ಗಿರುವ ಜಾಗ ಸೇರುವುದಿಲ್ಲ, ಆದ್ದರಿಂದ ಲಾಫ್ಟ್ ರೂಮು ಕಾಣುವಷ್ಟು ದೊಡ್ಡದಲ್ಲ. ಐದು ಚದರ ಮೀಟರಿನ ಬಾಕ್ಸ್ ರೂಮಿನಲ್ಲಿ ಮಲಗುವ ಮಗುವಿಗೆ ಹತ್ತು ತುಂಬಿದರೆ ಆ ರೂಮು ಅವನಿಗೆ ಸಾಲದು. ಒಪ್ಪಂದ ಬರೆಯುವಾಗ ಮಕ್ಕಳ ಹುಟ್ಟಿದ ದಿನಾಂಕ ಕೇಳಿಕೊಳ್ಳಿ. ಕೌನ್ಸಿಲ್‌ನ ಸ್ವಂತ ಅಳತೆ ಇದಕ್ಕಿಂತ ದೊಡ್ಡದಿರಬಹುದು.

ಲೈಸೆನ್ಸ್ ಇದ್ದ ಮಾತ್ರಕ್ಕೆ ಪ್ಲಾನಿಂಗ್ ಅನುಮತಿ ಸಿಕ್ಕಂತಲ್ಲ. ಆರ್ಟಿಕಲ್ 4 (ಸಾಮಾನ್ಯ ಮನೆಯನ್ನು ಎಚ್‌ಎಂಒ ಮಾಡಲು ಪ್ಲಾನಿಂಗ್ ಅನುಮತಿ ಬೇಕೆನ್ನುವ ಕೌನ್ಸಿಲ್ ಆದೇಶ) ಇರುವ ಬಡಾವಣೆಯಲ್ಲಿ ಅದನ್ನು ಬೇರೆಯೇ ಪಡೆಯಬೇಕು. ಮಾರ್ಟ್‌ಗೇಜ್ ಕೊಟ್ಟವರಿಗೂ ವಿಮೆಯವರಿಗೂ ಮೊದಲೇ ತಿಳಿಸಿ.

ಬಾಡಿಗೆಗಿರುವವರೂ ಗಮನಿಸಿ: ಲೈಸೆನ್ಸ್ ಪಡೆದ ಮನೆಗಳ ಪಟ್ಟಿಯನ್ನು ಕೌನ್ಸಿಲ್ ಎಲ್ಲರಿಗೂ ತೋರಿಸಲೇಬೇಕು. ಲೈಸೆನ್ಸ್ ಬೇಕಾದ ನಿಮ್ಮ ಮನೆ ಅದರಲ್ಲಿ ಇಲ್ಲದಿದ್ದರೆ ಕಟ್ಟಿದ ಬಾಡಿಗೆ ವಾಪಸ್ ಕೇಳಿ ಟ್ರಿಬ್ಯುನಲ್‌ಗೆ ಹೋಗಬಹುದು. ಹಿಂದೆ ಗರಿಷ್ಠ 12 ತಿಂಗಳ ಬಾಡಿಗೆ ಇತ್ತು. 2025ರ ರೆಂಟರ್ಸ್ ರೈಟ್ಸ್ ಆಕ್ಟ್ ಅದನ್ನು ಎರಡು ವರ್ಷಕ್ಕೆ ಏರಿಸಿದೆ.